ಉದ್ದದ ಇಂಗ್ಲಿಷ್ ಪದಕ್ಕೆ ಕನ್ನಡದ ವಿಗ್ರಹವಾಕ್ಯ: ಒಡೆಯುವ, ಓದುವ, ಬರೆಯುವ ಬಗೆ

ಉದ್ದದ ಇಂಗ್ಲಿಷ್ ಪದಗಳನ್ನು ಅರ್ಥಮಾಡಿಕೊಳ್ಳಲು ಬೇಕಾದ ವಿದ್ಯೆಯನ್ನು ಕನ್ನಡ ಮೀಡಿಯಂ ಮಕ್ಕಳಿಗೆ ಹೈಸ್ಕೂಲಿನಲ್ಲೇ ಕಲಿಸಿಯಾಗಿರುತ್ತದೆ. ಆದರೆ ಕಲಿಸಿದ್ದು ಇಂಗ್ಲಿಷ್ ಪೀರಿಯಡ್ಡಿನಲ್ಲಲ್ಲ, ಕನ್ನಡ ಪೀರಿಯಡ್ಡಿನಲ್ಲಿ. ಸಂಧಿ ಬಿಡಿಸಿ ಬರೆಯಿರಿ, ವಿಗ್ರಹವಾಕ್ಯ ಬರೆದು ಸಮಾಸ ಹೆಸರಿಸಿ ಎಂಬ ಪ್ರಶ್ನೆಗಳಿಗೆ ಉತ್ತರ ಬರೆದು ಅಂಕ ತೆಗೆದುಕೊಂಡ ಮೇಲೆ ಆ ವಿದ್ಯೆಯನ್ನು ಅಲ್ಲೇ ಬಿಟ್ಟು ಬರುತ್ತೇವೆ. ಪಿಯುಸಿ ಸೈನ್ಸ್‌ಗೋ ನರ್ಸಿಂಗ್‌ಗೋ ಸೇರಿದ ದಿನ ಗೇಣುದ್ದದ ಪದಗಳು ಎದುರು ನಿಂತಾಗ, ಕೈಯಲ್ಲಿ ಏನೂ ಇಲ್ಲ ಅನ್ನಿಸುತ್ತದೆ.

ನನ್ನ ಅಕ್ಕನ ಮಗಳು ನರ್ಸಿಂಗ್ ಸೇರಿದ ವರ್ಷ ರಜೆಗೆ ಬಂದಿದ್ದಳು. ನೋಟ್‌ಬುಕ್ಕಿನ ಎರಡು ಪುಟದ ತುಂಬ ಒಂದೇ ಪದ ಬರೆದಿದ್ದಳು: ಹೆಪಟೊಸ್ಪ್ಲೀನೊಮೆಗಲಿ. ಅರ್ಥವೇನೇ ಎಂದೆ. "ಗೊತ್ತಿಲ್ಲ ಚಿಕ್ಕಮ್ಮ, ಸ್ಪೆಲ್ಲಿಂಗ್ ಬಂದ್ರೆ ಸಾಕು" ಅಂದಳು. ಮಾರನೇ ದಿನಕ್ಕೆ ಸ್ಪೆಲ್ಲಿಂಗೂ ಮರೆತಿತ್ತು. ಆ ರಜೆಯಲ್ಲಿ ನಾವಿಬ್ಬರೂ ಕೂತು ಮಾಡಿದ ಕೆಲಸವನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಪೆನ್ಸಿಲ್ ಒಂದಿದ್ದರೆ ಸಾಕು.

ಮೊದಲ ಹೆಜ್ಜೆ: ಬಾಲ ನೋಡಿ

ಉದ್ದದ ಪದ ಕಂಡ ಕೂಡಲೇ ಎಡಗಡೆಯಿಂದ ಓದಲು ಹೊರಡಬೇಡಿ. ಅರಮನೆ ಎಂದರೆ ಕೊನೆಗೂ ಒಂದು ಮನೆ. ಅರಸನದು ಎನ್ನುವುದು ಆಮೇಲಿನ ಮಾತು. ತತ್ಪುರುಷದಲ್ಲಿ ಉತ್ತರಪದವೇ ಪ್ರಧಾನ ಎಂದು ಓದಿದ್ದೇವಲ್ಲ, ಇಂಗ್ಲಿಷಿನ ಉದ್ದದ ಪದಗಳೂ ಬಹುಪಾಲು ಹಾಗೆಯೇ ಕಟ್ಟಿಕೊಂಡಿವೆ. ಇದು ಕಾಯಿಲೆಯೋ, ಆಪರೇಶನ್ನೋ, ಪರೀಕ್ಷೆಯೋ, ಶಾಸ್ತ್ರವೋ ಎಂಬುದನ್ನು ಬಾಲ ಹೇಳುತ್ತದೆ. ಅದು ಗೊತ್ತಾದರೆ ಅರ್ಧ ಭಯ ಹೋಗುತ್ತದೆ.

ಆಸ್ಪತ್ರೆಯ ಚೀಟಿಯಲ್ಲಿ ಪದೇಪದೇ ಕಾಣುವ ಬಾಲಗಳು ಹತ್ತು ಹನ್ನೆರಡಕ್ಕಿಂತ ಹೆಚ್ಚಿಲ್ಲ. 'ಐಟಿಸ್' ಎಂದರೆ ಉರಿಯೂತ. 'ಆಲ್ಜಿಯಾ' ನೋವು. 'ಮೆಗಲಿ' ಎಂದರೆ ದೊಡ್ಡದಾಗಿರುವುದು. 'ಆಸ್ಕೊಪಿ' ಒಳಗೆ ನೋಡುವುದು. 'ಈಮಿಯಾ' ಬಂದರೆ ರಕ್ತದ ವಿಷಯ. 'ಯೂರಿಯಾ' ಬಂದರೆ ಮೂತ್ರದ ವಿಷಯ. ಗೊಬ್ಬರದ ಯೂರಿಯಾಕ್ಕೆ ಸ್ಪೆಲ್ಲಿಂಗ್ ಬೇರೆ, ಮೂಲ ಮಾತ್ರ ಒಂದೇ. ಮೂರು ಬಾಲಗಳನ್ನು ಮಾತ್ರ ಸಮಾಧಾನದಿಂದ ಬೇರೆ ಮಾಡಿಕೊಳ್ಳಬೇಕು: 'ಆಟಮಿ' ಕೊಯ್ಯುವುದು, 'ಎಕ್ಟಮಿ' ಕೊಯ್ದು ಹೊರಗೆ ತೆಗೆಯುವುದು, 'ಆಸ್ಟಮಿ' ಕೊಯ್ದು ಬಾಯಿಯಂಥ ತೆರಪು ಮಾಡುವುದು. ಕೇಳಲು ಮೂರೂ ಒಂದೇ ಥರ ಇವೆ. ರೋಗಿಗೆ ಆಗುವುದು ಮೂರು ಬೇರೆ ಬೇರೆ ಕೆಲಸ.

ಈಗ ಅವಳ ಪದಕ್ಕೆ ಬನ್ನಿ. ಬಾಲ ಮೆಗಲಿ, ಏನೋ ದೊಡ್ಡದಾಗಿದೆ. ಏನು? ಹೆಪಟೊ, ಯಕೃತ್ತು. ಸ್ಪ್ಲೀನೊ, ಗುಲ್ಮ. ಯಕೃತ್ತೂ ಗುಲ್ಮವೂ ದೊಡ್ಡದಾಗಿರುವುದು: ವಿಗ್ರಹವಾಕ್ಯ ಬಂತು. ಆರು ಅಕ್ಷರದ ಮೂರು ತುಂಡು, ಒಟ್ಟು 18 ಅಕ್ಷರ. ಇಷ್ಟಾದ ಮೇಲೆ ಅದನ್ನು ಮತ್ತೆ ಇಪ್ಪತ್ತು ಸಲ ಬರೆಯುವ ಅಗತ್ಯ ಅವಳಿಗೆ ಬರಲಿಲ್ಲ.

ಎರಡನೆಯದು: ಸಂಧಿ ಬಿಡಿಸಿ

ತುಂಡು ಮಾಡುವಾಗ ಮಧ್ಯೆ ಒಂದು 'ಓ' ಮತ್ತೆ ಮತ್ತೆ ಅಡ್ಡ ಬರುತ್ತದೆ. ಹೆಪಟ್ ಇದ್ದದ್ದು ಹೆಪಟೊ ಆಗುತ್ತದೆ, ಗ್ಯಾಸ್ಟ್ರ್ ಇದ್ದದ್ದು ಗ್ಯಾಸ್ಟ್ರೊ. ಅರ್ಥಕ್ಕೆ ಅದು ಏನನ್ನೂ ಸೇರಿಸುವುದಿಲ್ಲ. ಮನೆ ಮತ್ತು ಅನ್ನು ಸೇರಿ ಮನೆಯನ್ನು ಆದಾಗ ನಡುವೆ ಬಂದು ಕೂತ ಯಕಾರದ ಹಾಗೆ ಅದೊಂದು ಆಗಮ, ಉಚ್ಚಾರದ ಅನುಕೂಲಕ್ಕೆ ಬಂದದ್ದು.

ಲೋಪಸಂಧಿಯೂ ಉಂಟು. ಊರು ಮತ್ತು ಅಲ್ಲಿ ಸೇರಿದರೆ ಉಕಾರ ಬಿದ್ದು ಊರಲ್ಲಿ ಆಗುತ್ತದೆ. ಹಾಗೆಯೇ ಸ್ವರದಿಂದ ಶುರುವಾಗುವ ಬಾಲ ಬಂದರೆ ಈ ಓ ಬಿದ್ದುಹೋಗುತ್ತದೆ: ಗ್ಯಾಸ್ಟ್ರೊ ಮತ್ತು ಐಟಿಸ್ ಸೇರಿ ಗ್ಯಾಸ್ಟ್ರೈಟಿಸ್. ಆದರೆ ಎರಡು ಮೂಲಪದಗಳ ನಡುವೆ ಓ ಬಂದರೆ ಮುಂದೆ ಸ್ವರವಿದ್ದರೂ ಉಳಿದುಕೊಳ್ಳುತ್ತದೆ. ಹಾಗಾಗಿ ಜಠರ ಮತ್ತು ಕರುಳಿನ ಶಾಸ್ತ್ರ ಗ್ಯಾಸ್ಟ್ರೊಎಂಟರಾಲಜಿ. ಅದರಲ್ಲಿ ಓ ಕರಗಿಲ್ಲ. ಈ ಒಂದು ನಿಯಮ ತಿಳಿದರೆ ಎಲ್ಲಿ ಗೆರೆ ಎಳೆಯಬೇಕು ಎಂಬ ಗೊಂದಲ ಬಹುಮಟ್ಟಿಗೆ ತೀರುತ್ತದೆ.

ವ್ಯಂಜನ ಸಂಧಿಯೂ ಇದೆ, ಸ್ಪೆಲ್ಲಿಂಗಿಗೆ ಇದರಷ್ಟು ಉಪಕಾರಿ ಬೇರೆ ಇಲ್ಲ. ಸತ್ ಮತ್ತು ಜನ ಸೇರಿದಾಗ ತಕಾರ ಮುಂದಿನ ಜಕಾರವಾಗಿಯೇ ಬದಲಾಗಿ ಸಜ್ಜನ ಆಗುತ್ತದಲ್ಲವೇ? ಲ್ಯಾಟಿನ್ನಿನ 'ಆಡ್' ಎಂಬ ಉಪಸರ್ಗದ್ದೂ ಇದೇ ಸ್ವಭಾವ. ಅಕಾಮಡೇಶನ್ ಎಂಬ ಪದದಲ್ಲಿ ಎರಡು ಸಿ, ಎರಡು ಎಂ ಬರೆಯಬೇಕು. ಲಾಡ್ಜುಗಳ ಬೋರ್ಡುಗಳಲ್ಲೇ ಒಂದೊಂದು ಬಿಟ್ಟುಹೋಗಿರುವುದನ್ನು ನೋಡಿದ್ದೇನೆ. ಬಿಡಿಸಿದರೆ ಅದು ಆಡ್, ಕಾಮ್, ಮಾಡ್, ಏಶನ್. ಆಡ್‌ನ ಡಿ ಮುಂದಿನ ಸಿ ಆಗಿ ತಿರುಗಿತು, ಅದಕ್ಕೇ ಎರಡು ಸಿ. ಕಾಮ್‌ನ ಎಂ ಒಂದು, ಮಾಡ್‌ನ ಎಂ ಇನ್ನೊಂದು, ಅದಕ್ಕೇ ಎರಡು ಎಂ. ಉರು ಹೊಡೆಯಬೇಕಾದ್ದು ಏನೂ ಇಲ್ಲ.

ಗೆರೆ ತಪ್ಪಾಗಿ ಎಳೆದರೆ ಅರ್ಥ ದಾರಿ ತಪ್ಪುತ್ತದೆ ಎನ್ನುವುದೂ ನೆನಪಿರಲಿ. ಹೆಲಿಕಾಪ್ಟರ್ ಪದವನ್ನು ಎಲ್ಲರೂ ಹೆಲಿ, ಕಾಪ್ಟರ್ ಎಂದು ಒಡೆಯುತ್ತಾರೆ. ನಿಜದ ತುಂಡುಗಳು ಹೆಲಿಕೊ ಮತ್ತು ಪ್ಟರ್: ಸುರುಳಿ ಸುತ್ತುವ ರೆಕ್ಕೆ. ಆರ್ಥೊಪೀಡಿಕ್ಸ್‌ನಲ್ಲಿ ಇರುವುದು ಲ್ಯಾಟಿನ್ನಿನ ಪಾದ ಅಲ್ಲ, ಗ್ರೀಕಿನ ಮಗು. 1741ರಲ್ಲಿ ಫ್ರಾನ್ಸಿನ ವೈದ್ಯ ನಿಕೊಲಾ ಆಂದ್ರಿ, ಮಕ್ಕಳ ಸೊಟ್ಟಗಾದ ಮೈಯನ್ನು ನೆಟ್ಟಗೆ ಮಾಡುವ ವಿದ್ಯೆ ಎಂಬರ್ಥದಲ್ಲಿ ಆ ಹೆಸರು ಕಟ್ಟಿದರು. ಮಕ್ಕಳ ಡಾಕ್ಟರ ಪೀಡಿಯಾಟ್ರಿಕ್ಸ್‌ನಲ್ಲಿರುವ ಮಗುವೂ ಅದೇ.

ಕನ್ನಡ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಳ್ಳಿ

ಇದು ನನಗೆ ಬಹಳ ಪ್ರಿಯವಾದ ಭಾಗ. ಕನ್ನಡ ಮೀಡಿಯಂ ವಿಜ್ಞಾನದ ಪುಸ್ತಕ ಕಾಲೇಜಿಗೆ ಹೋದ ಮೇಲೆ ಉಪಯೋಗಕ್ಕೆ ಬರುವುದಿಲ್ಲ ಎಂದು ಎಷ್ಟೋ ಮನೆಗಳಲ್ಲಿ ರದ್ದಿಗೆ ಹಾಕುತ್ತಾರೆ. ದಯವಿಟ್ಟು ಹಾಕಬೇಡಿ. ಅದರ ಪಾರಿಭಾಷಿಕ ಪದಗಳಲ್ಲಿ ಅನೇಕವು ಇಂಗ್ಲಿಷ್ ಪದದ ತುಂಡು ತುಂಡಿಗೆ ಕೂಡಿಸಿದ ಅರ್ಥ. ನಮ್ಮ ಹಿರಿಯರು ಬರೆದಿಟ್ಟು ಹೋದ ವಿಗ್ರಹವಾಕ್ಯಗಳು ಎಂದರೂ ಸರಿಯೇ.

ಹೈಡ್ರೊಜನ್ ತೆಗೆದುಕೊಳ್ಳಿ. ಹೈಡ್ರೊ ನೀರು, ಜನ್ ಹುಟ್ಟಿಸುವುದು: ಜಲಜನಕ. ಆಕ್ಸಿ ಹುಳಿ, ಜನ್ ಹುಟ್ಟಿಸುವುದು: ಆಮ್ಲಜನಕ. ಆಮ್ಲಗಳೆಲ್ಲದರಲ್ಲೂ ಈ ಅನಿಲ ಇದ್ದೇ ಇರುತ್ತದೆ ಎಂದು ನಂಬಿ ಫ್ರಾನ್ಸಿನ ರಸಾಯನವಿಜ್ಞಾನಿ ಲವಾಸಿಯೆ 18ನೇ ಶತಮಾನದಲ್ಲಿ ಆ ಹೆಸರಿಟ್ಟರು. ನಂಬಿಕೆ ತಪ್ಪು ಎಂದು ಮುಂದೆ ತಿಳಿಯಿತು. ಆದರೆ ಹೆಸರು ನಿಂತಿತು, ಕನ್ನಡಕ್ಕೂ ಹಾಗೇ ಬಂತು. ಮೈಕ್ರೊಸ್ಕೋಪ್ ಸೂಕ್ಷ್ಮದರ್ಶಕ, ಟೆಲಿಸ್ಕೋಪ್ ದೂರದರ್ಶಕ, ಥರ್ಮಾಮೀಟರ್ ಉಷ್ಣಮಾಪಕ, ಫೋಟೊಸಿಂಥೆಸಿಸ್ ದ್ಯುತಿಸಂಶ್ಲೇಷಣೆ. ಫೋಟೊ ಎಂದರೆ ದ್ಯುತಿ, ಬೆಳಕು. ಸಿಂಥೆಸಿಸ್ ಎಂದರೆ ಕೂಡಿಸುವುದು. ಈ ಜೋಡಿಗಳನ್ನು ಎರಡು ಬೇರೆ ಪಾಠಗಳಂತೆ ಉರು ಹೊಡೆಯುವ ಬದಲು ಒಂದರ ಕೆಳಗೆ ಒಂದು ಬರೆದು ತುಂಡಿಗೆ ತುಂಡು ಗೆರೆ ಎಳೆದು ಜೋಡಿಸಿ.

ಪಿತ್ತಕೋಶ ತೆಗೆದುಹಾಕುವ ಆಪರೇಶನ್ನಿಗೆ ಕೊಲೆಸಿಸ್ಟೆಕ್ಟಮಿ ಎನ್ನುತ್ತಾರೆ. ಮೊದಲ ಸಲ ಕೇಳಿದವರಿಗೆ ಹೆದರಿಕೆಯಾಗುವ ಪದ. ಕೊಲೆ ಎಂದರೆ ಇಲ್ಲಿ ಪಿತ್ತ, ಸಿಸ್ಟ್ ಎಂದರೆ ಕೋಶ, ಎಕ್ಟಮಿ ಎಂದರೆ ಕೊಯ್ದು ತೆಗೆಯುವುದು. ಮೊದಲ ಎರಡು ತುಂಡು ಸೇರಿದರೆ ಪಿತ್ತಕೋಶವೇ.

ಗ್ರೀಕ್, ಲ್ಯಾಟಿನ್, ಸಂಸ್ಕೃತ ಒಂದೇ ಭಾಷಾಕುಲದವು. ಆದ್ದರಿಂದ ಸಂಸ್ಕೃತದ ದಾರಿಯಲ್ಲಿ ಕನ್ನಡಕ್ಕೆ ಬಂದಿರುವ ಪದಗಳ ನೆಂಟಸ್ತಿಕೆ ಅಲ್ಲಲ್ಲಿ ಕಾಣುತ್ತದೆ. ಪೆಂಟ ಪಂಚ, ಹೆಪ್ಟ ಸಪ್ತ, ಆಕ್ಟ ಅಷ್ಟ, ಡೆಕ ದಶ. ಡೆಂಟಿಸ್ಟಿನಲ್ಲಿ ದಂತ ಇದೆ. ಮೆಗಲಿಯ ಮೆಗಾ ನಮ್ಮ ಮಹಾ. ಹೆಪಟ್ ಮತ್ತು ಯಕೃತ್ ಕೂಡ ಒಂದೇ ಬೇರಿನವು. ಇಲ್ಲ ಎಂಬರ್ಥದ ಅ ಮತ್ತು ಅನ್ ಎರಡೂ ಕಡೆ ಒಂದೇ ನಿಯಮಕ್ಕೆ ನಡೆಯುತ್ತವೆ: ವ್ಯಂಜನದ ಮುಂದೆ ಅ, ಸ್ವರದ ಮುಂದೆ ಅನ್. ಅಜ್ಞಾನ, ಅನಂತ ಇದ್ದ ಹಾಗೆಯೇ ರಕ್ತ ಸಾಲದು ಎನ್ನುವ ಅನೀಮಿಯಾ.

ಇವುಗಳಲ್ಲಿ ಒಂದು ಜೋಡಿಯನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ. ಹೈಪೊ ಎಂದರೆ ಕೆಳಗೆ, ಕಡಿಮೆ, ಸಂಸ್ಕೃತದ ಉಪ. ಹೈಪರ್ ಎಂದರೆ ಮೇಲೆ, ಹೆಚ್ಚು, ಸಂಸ್ಕೃತದ ಉಪರಿ. ಹೈಪೊಗ್ಲೈಸೀಮಿಯಾ ಎಂದರೆ ರಕ್ತದಲ್ಲಿ ಸಕ್ಕರೆ ಕಡಿಮೆಯಾಗುವುದು, ಹೈಪರ್‌ಗ್ಲೈಸೀಮಿಯಾ ಎಂದರೆ ಹೆಚ್ಚಾಗುವುದು. ಶುಗರ್ ಇರುವವರ ಮನೆಯಲ್ಲಿ ಎರಡಕ್ಕೂ ಮಾಡಬೇಕಾದ ಕೆಲಸ ತದ್ವಿರುದ್ಧ. ಪದವನ್ನು ಒಡೆಯಲು ಬರುವುದು ರಿಪೋರ್ಟ್ ಓದಿ ಡಾಕ್ಟರ ಹತ್ತಿರ ಸರಿಯಾದ ಪ್ರಶ್ನೆ ಕೇಳುವುದಕ್ಕೆ. ಮನೆಯಲ್ಲೇ ಕಾಯಿಲೆ ತೀರ್ಮಾನಿಸಿಕೊಳ್ಳುವುದಕ್ಕಲ್ಲ.

ಬಾಯಿಗೆ ತರುವುದು

ಕನ್ನಡದಲ್ಲಿ ಲಘು ಗುರು ಉಂಟು, ಆದರೆ ಒಂದು ಅಕ್ಷರವನ್ನು ಎತ್ತಿ ಹಿಡಿದು ಉಳಿದವನ್ನು ನುಂಗುವ ರೂಢಿ ಇಲ್ಲ. ಇಂಗ್ಲಿಷಿನಲ್ಲಿ ಅದೇ ಮುಖ್ಯ. ಹತ್ತು ಸ್ವರ ಇರುವ ಪದದಲ್ಲೂ ಒಂದು ಕಡೆ ಮಾತ್ರ ಪೂರ್ತಿ ಒತ್ತು ಬೀಳುತ್ತದೆ. ಅದು ಎಲ್ಲಿ ಎಂದು ಊಹಿಸಬೇಕಾಗಿಲ್ಲ, ಇದನ್ನೂ ಬಹಳ ಸಲ ಬಾಲವೇ ಹೇಳುತ್ತದೆ. ಬಾಲ 'ಇಕ್' ಅಥವಾ 'ಇಟಿ' ಆಗಿದ್ದರೆ ಒತ್ತು ಸಾಮಾನ್ಯವಾಗಿ ಅದರ ಹಿಂದಿನ ಸ್ವರದ ಮೇಲೆ. 'ಏಶನ್' ಇದ್ದರೆ ಏ ಮೇಲೆ, 'ಆಲಜಿ' ಇದ್ದರೆ ಆ ಮೇಲೆ, 'ಐಟಿಸ್' ಇದ್ದರೆ ಐ ಮೇಲೆ. ಫೋಟೊಗ್ರಾಫ್ ಎನ್ನುವಾಗ ಫೋ ಮೇಲೆ ಬೀಳುವ ಒತ್ತು, ಫೊಟಾಗ್ರಫಿ ಆದಾಗ ಟಾ ಮೇಲೆ ಜರುಗುತ್ತದೆ, ಫೋಟೊಗ್ರಾಫಿಕ್ ಆದಾಗ ಗ್ರಾ ಮೇಲೆ. ಮೂರನ್ನೂ ಗಟ್ಟಿಯಾಗಿ ಹೇಳಿ ನೋಡಿ, ಕಿವಿಗೇ ಗೊತ್ತಾಗುತ್ತದೆ.

ನಾಲಿಗೆ ತೊಡರುವ ಪದವಾದರೆ ಹಿಂದಿನಿಂದ ಕಟ್ಟಿಕೊಂಡು ಬನ್ನಿ. ಮೊದಲು ಬಾಲ ಮಾತ್ರ ಹೇಳಿ. ಅದು ಸಲೀಸಾದ ಮೇಲೆ ಹಿಂದಿನ ತುಂಡು ಸೇರಿಸಿ, ಆಮೇಲೆ ಇನ್ನೊಂದು. ಮುಂದಿನಿಂದ ಶುರು ಮಾಡಿದರೆ ಗೊತ್ತಿರುವ ಜಾಗದಿಂದ ಗೊತ್ತಿಲ್ಲದ ಜಾಗಕ್ಕೆ ಹೋಗುತ್ತೀರಿ, ಮಧ್ಯದಲ್ಲಿ ಉಸಿರು ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ಬಂದರೆ ಪ್ರತಿ ಸಲವೂ ಗೊತ್ತಿರುವ ಕಡೆಗೇ ಇಳಿಯುತ್ತೀರಿ. ಇನ್ನೊಂದು ಉಪಾಯ: ಪದವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ನಮ್ಮ ಲಿಪಿ ಪದವನ್ನು ತಾನಾಗಿಯೇ ಉಚ್ಚಾರದ ತುಂಡುಗಳಾಗಿ ಬಿಡಿಸಿಕೊಡುತ್ತದೆ.

ಸ್ಪೆಲ್ಲಿಂಗ್

ಪದದ ಊರು ಯಾವುದು ಎಂದು ಕೇಳಿ. ಅಮೆರಿಕದ ರಾಷ್ಟ್ರೀಯ ಸ್ಪೆಲ್ಲಿಂಗ್ ಬೀ ಸ್ಪರ್ಧೆಯಲ್ಲಿ ಮಕ್ಕಳು ಪದ ಕೇಳಿದ ಕೂಡಲೇ ಮಾಡುವುದೂ ಇದನ್ನೇ: ಇದು ಯಾವ ಭಾಷೆಯಿಂದ ಬಂದದ್ದು, ಅರ್ಥವೇನು ಎಂದು ವಿಚಾರಿಸುತ್ತಾರೆ. ಹಾಗೆ ಕೇಳಲು ಅವಕಾಶವಿದೆ. 1985ರಲ್ಲಿ ಬಾಲು ನಟರಾಜನ್ ಗೆದ್ದಾಗಿನಿಂದ ಭಾರತ ಮೂಲದ ಮಕ್ಕಳು ಆ ವೇದಿಕೆಯಲ್ಲಿ ದೊಡ್ಡ ಹೆಸರು ಮಾಡಿದ್ದಾರೆ. ಕಾವ್ಯಾ ಶಿವಶಂಕರ್ 2009ರಲ್ಲಿ ಗೆದ್ದರೆ ತಂಗಿ ವನ್ಯಾ 2015ರಲ್ಲಿ ಜಂಟಿಯಾಗಿ ಗೆದ್ದಳು.

ಊರು ಗ್ರೀಕ್ ಎಂದು ಗೊತ್ತಾದರೆ 'ಫ' ಸದ್ದಿಗೆ ಎಫ್ ಅಲ್ಲ, ಪಿ ಎಚ್ ಬರೆಯಿರಿ. 'ಕ' ಸದ್ದಿಗೆ ಸಿ ಎಚ್ ಇರಬಹುದು. ನಡುವಿನ 'ಇ' ಅಥವಾ 'ಐ' ಸದ್ದಿಗೆ ವೈ ಇರುವುದು ಹೆಚ್ಚು. ಪದದ ಮೊದಲಲ್ಲಿ ಪಿ ಎನ್, ಪಿ ಎಸ್, ಪಿ ಟಿ ಬಂದರೆ ಪಿ ಬಾಯಿಗೆ ಬರುವುದಿಲ್ಲ: ನ್ಯುಮೋನಿಯಾ, ಸೈಕಾಲಜಿ. ಅದೇ ತುಂಡು ಪದದ ನಡುವೆ ಬಂದರೆ ಪಿ ಜೀವ ತಳೆಯುತ್ತದೆ, ಹೆಲಿಕಾಪ್ಟರಿನಲ್ಲಿ ಕೇಳಿದ ಹಾಗೆ. ಡಯರಿಯಾದಲ್ಲಿ ಎರಡು ಆರ್ ಬರುವುದಕ್ಕೂ ಕಾರಣವಿದೆ. ಗ್ರೀಕಿನಲ್ಲಿ ರಕಾರದಿಂದ ಶುರುವಾಗುವ ಪದ ಸಮಾಸದಲ್ಲಿ ಎರಡನೆಯದಾಗಿ ಬಂದರೆ ರಕಾರ ದ್ವಿತ್ವವಾಗುತ್ತದೆ. ಹೆಮರೇಜಿನಲ್ಲೂ ಅದೇ ಆಗಿದೆ.

ನಮ್ಮ ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಬ್ರಿಟಿಷ್ ಸ್ಪೆಲ್ಲಿಂಗ್ ಇರುತ್ತದೆ, ಕಂಪ್ಯೂಟರಿನಲ್ಲಿ ಎಷ್ಟೋ ಸಲ ಅಮೆರಿಕದ್ದು. ಅನೀಮಿಯಾ ಒಂದರಲ್ಲಿ ಎ ಇ, ಇನ್ನೊಂದರಲ್ಲಿ ಬರೀ ಇ. ಎರಡೂ ಸರಿ; ಒಂದೇ ಉತ್ತರಪತ್ರಿಕೆಯಲ್ಲಿ ಎರಡನ್ನೂ ಬೆರೆಸಬೇಡಿ.

ದಾಖಲೆಯ ಪದಗಳನ್ನು ಒಡೆದು ನೋಡೋಣ

ದೊಡ್ಡ ನಿಘಂಟುಗಳಲ್ಲಿ ಸಿಗುವ ಅತಿ ಉದ್ದದ ಇಂಗ್ಲಿಷ್ ಪದಕ್ಕೆ 45 ಅಕ್ಷರ: ನ್ಯುಮೊನೊಅಲ್ಟ್ರಾಮೈಕ್ರೊಸ್ಕೋಪಿಕ್‌ಸಿಲಿಕೊವಾಲ್ಕೇನೊಕೋನಿಯೋಸಿಸ್. ಹಿಂದಿನಿಂದ ಬನ್ನಿ. ಓಸಿಸ್, ಕಾಯಿಲೆಯ ಸ್ಥಿತಿ. ಕೋನಿ, ದೂಳು. ವಾಲ್ಕೇನೊ, ಜ್ವಾಲಾಮುಖಿ. ಸಿಲಿಕೊ, ಸಿಲಿಕಾ. ಅಲ್ಟ್ರಾಮೈಕ್ರೊಸ್ಕೋಪಿಕ್, ಸೂಕ್ಷ್ಮದರ್ಶಕಕ್ಕೂ ನಿಲುಕದಷ್ಟು ಸಣ್ಣ. ನ್ಯುಮೊನೊ, ಶ್ವಾಸಕೋಶ. ಜ್ವಾಲಾಮುಖಿಯ ಅತಿ ನವಿರಾದ ಸಿಲಿಕಾ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ. ಇದನ್ನು ವೈದ್ಯರು ಕಟ್ಟಿದ್ದಲ್ಲ. ಅಮೆರಿಕದ ಒಗಟುಪ್ರಿಯರ ಸಂಘವಾದ ನ್ಯಾಷನಲ್ ಪಜ್ಲರ್ಸ್ ಲೀಗಿನ ಅಧ್ಯಕ್ಷ ಎವರೆಟ್ ಸ್ಮಿತ್ 1935ರಲ್ಲಿ ಅತಿ ಉದ್ದದ ಪದವಾಗಲಿ ಎಂದೇ ಕಟ್ಟಿದರು. ವೈದ್ಯರಿಗೆ ಸಿಲಿಕೋಸಿಸ್ ಎಂಬ ಪದ ಸಾಕಾಗುತ್ತದೆ. ಕಲ್ಲುಕ್ವಾರಿಯ ಕೆಲಸಗಾರರ ಎದೆಗೆ ಕೂರುವ ಕಾಯಿಲೆ ಅದೇ.

ಈ ಪದ ನಮ್ಮ ವ್ಯಾಕರಣದ ಭಾಷೆಯಲ್ಲಿ ಒಂದು ಅರಿಸಮಾಸ. ಮಳೆಗಾಲದಲ್ಲಿ ಮಳೆ ಕನ್ನಡದ್ದು, ಕಾಲ ಸಂಸ್ಕೃತದ್ದು. ಇದರಲ್ಲಿ ನ್ಯುಮೊನೊ ಗ್ರೀಕ್, ಅಲ್ಟ್ರಾ ಲ್ಯಾಟಿನ್, ಮೈಕ್ರೊಸ್ಕೋಪಿಕ್ ಗ್ರೀಕ್, ಸಿಲಿಕೊ ಲ್ಯಾಟಿನ್. ಟೆಲಿವಿಶನ್ ಕೂಡ ಹಾಗೆಯೇ, ಟೆಲಿ ಗ್ರೀಕ್, ವಿಶನ್ ಲ್ಯಾಟಿನ್.

28 ಅಕ್ಷರದ ಆಂಟಿಡಿಸ್‌ಎಸ್ಟ್ಯಾಬ್ಲಿಶ್‌ಮೆಂಟೇರಿಯನಿಸಂ ಇಂಗ್ಲೆಂಡಿನ ರಾಜಕಾರಣದ್ದು. ಇದನ್ನು ಮಾತ್ರ ನಡುವಿನಿಂದ ಬಿಡಿಸಬೇಕು. ಎಸ್ಟ್ಯಾಬ್ಲಿಶ್ ಎಂದರೆ ಇಲ್ಲಿ ಚರ್ಚ್ ಒಂದಕ್ಕೆ ರಾಜ್ಯದ ಅಧಿಕೃತ ಮನ್ನಣೆ ಕೊಡುವುದು. ಡಿಸ್ ಸೇರಿದರೆ ಆ ಮನ್ನಣೆ ಕಳೆಯುವುದು. ಆಂಟಿ ಸೇರಿದರೆ ಕಳೆಯಬಾರದು ಎನ್ನುವುದು. ಕೊನೆಯ ಇಸಂ, ವಾದ. 19ನೇ ಶತಮಾನದಲ್ಲಿ ಇದು ದೊಡ್ಡ ಜಗಳವೇ ಆಗಿತ್ತು. ಐರ್ಲೆಂಡಿನ ಚರ್ಚಿನ ಮನ್ನಣೆ ಕಳೆಯುವ ಕಾನೂನು 1869ರಲ್ಲಿ ಆಗಿ 1871ರಲ್ಲಿ ಜಾರಿಗೆ ಬಂತು.

ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಶನ್‌ಗೆ 29 ಅಕ್ಷರ. ಇಂಗ್ಲೆಂಡಿನ ಕವಿ ವಿಲಿಯಂ ಶೆನ್‌ಸ್ಟನ್ 1741ರಲ್ಲಿ ಒಂದು ಪತ್ರದಲ್ಲಿ ಬರೆದಿದ್ದಾರೆ. ಫ್ಲಾಕ್ಸಿ ಉಣ್ಣೆಯ ಎಳೆ, ನಿಹಿಲಿ ಏನೂ ಅಲ್ಲ, ಪಿಲಿ ಒಂದು ಕೂದಲು, ನಾಸಿ ಕೂಡ ಅಂಥದೇ ಒಂದು ಕ್ಷುಲ್ಲಕ ವಸ್ತು. ನಾಲ್ಕೂ ಲ್ಯಾಟಿನ್ ವ್ಯಾಕರಣದ ಪಾಠದಲ್ಲಿ ಸಾಲಾಗಿ ಬರುತ್ತಿದ್ದ ಪದಗಳು. ಯಾವುದನ್ನಾದರೂ ತೃಣಕ್ಕೆ ಸಮ ಎಂದು ಎಣಿಸುವುದು, ಅಷ್ಟೇ ಅರ್ಥ.

ಷೇಕ್ಸ್‌ಪಿಯರನ ನಾಟಕವೊಂದರಲ್ಲಿ ವಿದೂಷಕನ ಬಾಯಲ್ಲಿ ಬರುವ ಆನರಿಫಿಕಾಬಿಲಿಟ್ಯೂಡಿನಿಟಾಟಿಬಸ್ ಪದದ 27 ಅಕ್ಷರಗಳಲ್ಲಿ ವ್ಯಂಜನ, ಸ್ವರ, ವ್ಯಂಜನ, ಸ್ವರ ಎಂದು ಮೊದಲಿನಿಂದ ಕೊನೆಯವರೆಗೂ ಸರದಿ ತಪ್ಪುವುದಿಲ್ಲ. ಕೊನೆಯ 'ಬಸ್' ಲ್ಯಾಟಿನ್ನಿನ ಬಹುವಚನದ ವಿಭಕ್ತಿಪ್ರತ್ಯಯ. ರಾಮೇಭ್ಯಃ ಎನ್ನುವಾಗಿನ ಭ್ಯಃ ಇದರ ನೆಂಟ. ಎಲ್ಲರಿಗಾಗಿ ಎಂಬರ್ಥದ ಆಮ್ನಿಬಸ್ ಎಂಬ ಲ್ಯಾಟಿನ್ ಪದ ಗಾಡಿಯ ಹೆಸರಾಗಿ, ತಲೆಯೆಲ್ಲ ಸವೆದು ಬಾಲ ಮಾತ್ರ ಉಳಿದು, ನಾವು ದಿನವೂ ಹತ್ತುವ ಬಸ್ಸಾಯಿತು.

ಟೈಟಿನ್ ಎಂಬ ಪ್ರೊಟೀನಿನ ಪೂರ್ತಿ ರಾಸಾಯನಿಕ ಹೆಸರಿಗೆ 1,89,819 ಅಕ್ಷರ ಎನ್ನುವುದನ್ನು ಕೇಳಿರುತ್ತೀರಿ. ಅದು ಅಮೈನೊ ಆಮ್ಲಗಳ ಪಟ್ಟಿ, ನಿಘಂಟುಗಳು ಅದನ್ನು ಪದವೆಂದು ಸೇರಿಸಿಕೊಂಡಿಲ್ಲ. ನನಗೂ ಅದೇ ಸರಿ ಅನ್ನಿಸುತ್ತದೆ.

ಬಳಸುವಾಗ

ಒಡೆಯಲು ಬಂತೆಂದು ಎಲ್ಲೆಂದರಲ್ಲಿ ಬಳಸಬೇಕಾಗಿಲ್ಲ. ದಿನನಿತ್ಯ ಇವುಗಳ ಜೊತೆ ಇರುವವರೇ ಚಿಕ್ಕದು ಮಾಡಿಕೊಳ್ಳುತ್ತಾರೆ. 31 ಅಕ್ಷರದ ಡೈಕ್ಲೋರೊಡೈಫಿನೈಲ್‌ಟ್ರೈಕ್ಲೋರೊಈಥೇನನ್ನು ಎಲ್ಲರೂ ಕರೆದದ್ದು ಡಿಡಿಟಿ ಎಂದೇ. ಓಟೊರೈನೊಲ್ಯಾರಿಂಗಾಲಜಿ ಎಂದರೆ ಕಿವಿ, ಮೂಗು, ಗಂಟಲಿನ ಶಾಸ್ತ್ರ. ಆಸ್ಪತ್ರೆಯ ಬಾಗಿಲ ಮೇಲೆ ಇಎನ್‌ಟಿ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಇಂಟರ್‌ನ್ಯಾಷನಲೈಸೇಶನ್ ಅನ್ನು ಐ18ಎನ್ ಎಂದು ಬರೆಯುವುದನ್ನು ನೋಡಿರಬಹುದು. ಮೊದಲ ಅಕ್ಷರ ಐ, ಕೊನೆಯದು ಎನ್, ನಡುವೆ 18 ಅಕ್ಷರ. ತಂತ್ರಾಂಶವನ್ನು ಕನ್ನಡದಂಥ ಹಲವು ಭಾಷೆಗಳಿಗೆ ಒಗ್ಗುವಂತೆ ಸಿದ್ಧಪಡಿಸುವ ಕೆಲಸದ ಹೆಸರು ಅದು.

ಅಭ್ಯಾಸಕ್ಕೆ ನೋಟ್‌ಬುಕ್ಕಿನಲ್ಲಿ ಮೂರು ಮನೆ ಹಾಕಿ: ಪದ, ತುಂಡುಗಳು, ಕನ್ನಡದ ವಿಗ್ರಹವಾಕ್ಯ. ದಿನಕ್ಕೆ ಎರಡು ಪದ ಸಾಕು. ಒಂದು ತುಂಡು ಹತ್ತಾರು ಪದಗಳಲ್ಲಿ ಮತ್ತೆ ಬರುತ್ತದೆ. ಮೊದಲ ಪುಟಕ್ಕೆ ನಾನು ಅಕ್ಕನ ಮಗಳಿಗೆ ಕೊಟ್ಟ ಪದವನ್ನೇ ನಿಮಗೂ ಕೊಡುತ್ತೇನೆ, 30 ಅಕ್ಷರದ್ದು: ಸ್ಯೂಡೊಸ್ಯೂಡೊಹೈಪೊಪ್ಯಾರಾಥೈರಾಯ್ಡಿಸಂ. ಥೈರಾಯ್ಡ್ ಎಂದರೆ ಗುರಾಣಿಯಾಕಾರದ್ದು, ಪ್ಯಾರಾ ಎಂದರೆ ಪಕ್ಕದ್ದು, ಸ್ಯೂಡೊ ಎಂದರೆ ಹುಸಿ. ಹೈಪೊ ಈಗ ಗೊತ್ತಿದೆ. ಪ್ಯಾರಾಥೈರಾಯ್ಡ್ ಹಾರ್ಮೋನ್ ಕಡಿಮೆ ಇದ್ದ ಹಾಗೆ ಕಂಡರೂ ನಿಜಕ್ಕೂ ಕಡಿಮೆ ಇರದ, ದೇಹವೇ ಅದಕ್ಕೆ ಓಗೊಡದ ಕಾಯಿಲೆಗೆ ಅಮೆರಿಕದ ವೈದ್ಯ ಫುಲ್ಲರ್ ಆಲ್‌ಬ್ರೈಟ್ 1942ರಲ್ಲಿ ಒಂದು ಸ್ಯೂಡೊ ಸೇರಿಸಿದರು. ಆ ಹುಸಿ ಕಾಯಿಲೆಯವರಂತೆಯೇ ಮೈಕಟ್ಟು ಇದ್ದು, ರಕ್ತದ ಕ್ಯಾಲ್ಸಿಯಂ ಸರಿಯಾಗಿಯೇ ಇರುವವರನ್ನು ಕಂಡು 1952ರಲ್ಲಿ ಇನ್ನೊಂದು ಸ್ಯೂಡೊ ಸೇರಿಸಿದರು. ಅವಳು ಮೂರನೇ ಮನೆಯಲ್ಲಿ ಬರೆದದ್ದು: "ಹುಸಿಯ ಹುಸಿಯಾದ, ಗುರಾಣಿ ಪಕ್ಕದ ಗ್ರಂಥಿಯ ಕೊರತೆ." ತುಂಡು ಒಂದೂ ಬಿಟ್ಟಿರಲಿಲ್ಲ.